ಅಧ್ಯಕ್ಷರು ಮಾತಾಡುತ್ತಿದ್ದರು, ಶೇರು ಪೇಟೆ ಬೀಳುತ್ತಲೇ ಇತ್ತು

ಪ್ರಶ್ನೆ: 2011ರಲ್ಲಿ ನಾನು ನ್ಯೂಜೆರ್ಸಿಯಲ್ಲಿ ಕೆಲಸದಲ್ಲಿದ್ದೆ. ಆಗಸ್ಟ್ 8ರ ಮಧ್ಯಾಹ್ನ ಆಫೀಸಿನ ಟಿವಿಯಲ್ಲಿ ಅಧ್ಯಕ್ಷ ಒಬಾಮಾ ಮಾತಾಡುತ್ತಿದ್ದರು. ಪರದೆಯ ಮೂಲೆಯಲ್ಲಿ ಶೇರು ಪೇಟೆಯ ಅಂಕಿ ಇಳಿಯುತ್ತಲೇ ಇತ್ತು. ‘ಇಷ್ಟು ಹೇಳೋದಕ್ಕೆ ಬಂದರಾ?’ ಅಂತ ನನ್ನ ಜೊತೆಯವರು ಬೇಸರಪಟ್ಟುಕೊಂಡರು. 2008ರಲ್ಲಿ ಇದೇ ಮನುಷ್ಯನ ಮಾತು ಕೇಳಿ ಕಣ್ಣು ಒರೆಸಿಕೊಂಡವರು ಅವರು. ಈಗ ನಾನು ಮೈಸೂರಿನಲ್ಲಿದ್ದೇನೆ, ಮಗಳು ಅಲ್ಲಿದ್ದಾಳೆ. 2025ರ ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ಕಾರ ಬಂದ್ ಆದಾಗ ಅವಳ ಎಚ್-1ಬಿ ಕಾಗದಪತ್ರ ನಿಂತುಹೋಯಿತು. ಅಧ್ಯಕ್ಷರಾದವರು ಸರಿಯಾಗಿ ಮಾತಾಡಿದ್ದರೆ ಎರಡು ಪಕ್ಷಗಳ ಈ ಹಗ್ಗಜಗ್ಗಾಟ ಬಿಡಿಸಬಹುದಿತ್ತು ಅಲ್ವಾ? ಆ ದಿನ ಜನರಿಗೆ ಬಂದ ಸಿಟ್ಟು ಸರಿಯಾಗಿತ್ತಾ? ನಮ್ಮ ದೇಶದಲ್ಲಿ ಹೀಗೆ ಸರ್ಕಾರ ಬಂದ್ ಆಗೋದಿಲ್ಲ, ಯಾಕೆ?

ಉತ್ತರ: ಆ ಮಧ್ಯಾಹ್ನ ನನಗೂ ಚೆನ್ನಾಗಿ ನೆನಪಿದೆ. ಅಮೆರಿಕದ ರಾಜಕೀಯವನ್ನು ಓದಿ, ಪಾಠ ಹೇಳಿ ಬದುಕಿದವಳು ನಾನು. ಹಾಗಾಗಿ ಆ ಬೇಸಿಗೆಯ ಮೂರು ವಾರ ದಿನವೂ ಸುದ್ದಿ ನೋಡುತ್ತಾ ಕೂತಿದ್ದೆ. ನಿಮ್ಮ ಜೊತೆಯವರ ಬೇಸರ ನನಗೆ ಅರ್ಥವಾಗುತ್ತದೆ. ಆ ಬೇಸರ ನಿಜವಾದದ್ದೇ. ಆದರೆ ಅದು ಹೋಗಿ ತಲುಪಿದ ವಿಳಾಸ ಪೂರ್ತಿ ಸರಿಯಿರಲಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಯಾಕೆ ಎಂದು ಹೇಳುತ್ತೇನೆ.

ಮೊದಲು ಆ ದಿನದ ಹಿಂದಿನ ಕತೆ ಸ್ವಲ್ಪ ನೋಡೋಣ.

ಅಮೆರಿಕದಲ್ಲಿ ಸರ್ಕಾರ ಒಟ್ಟು ಎಷ್ಟು ಸಾಲ ಮಾಡಬಹುದು ಎಂಬುದಕ್ಕೆ ಕಾನೂನಿನ ಮಿತಿ ಇದೆ. 1917ರಲ್ಲಿ, ಮೊದಲ ಮಹಾಯುದ್ಧದ ಕಾಲದಲ್ಲಿ ಇದು ಶುರುವಾಯಿತು. ಗಮನಿಸಿ, ಇದು ಹೊಸ ಖರ್ಚಿಗೆ ಅನುಮತಿ ಕೊಡುವ ಮಿತಿ ಅಲ್ಲ. ಖರ್ಚಿಗೆ ಅಲ್ಲಿನ ಸಂಸತ್ತು, ಅಂದರೆ ಕಾಂಗ್ರೆಸ್, ಮೊದಲೇ ಒಪ್ಪಿಗೆ ಕೊಟ್ಟಿರುತ್ತದೆ. ಆ ಖರ್ಚಿಗೆ ಬೇಕಾದ ದುಡ್ಡನ್ನು ಸಾಲವಾಗಿ ಎತ್ತಲು ಮತ್ತೊಮ್ಮೆ ಅದೇ ಕಾಂಗ್ರೆಸ್ಸಿನ ಒಪ್ಪಿಗೆ ಬೇಕು. ಹೋಟೆಲಿನಲ್ಲಿ ಊಟ ಮಾಡಿದ ಮೇಲೆ ಬಿಲ್ ಕೊಡಬೇಕೋ ಬೇಡವೋ ಅಂತ ಮನೆಮಂದಿ ಮತ ಹಾಕಿದ ಹಾಗೆ. ದಶಕಗಳ ಕಾಲ ಎರಡೂ ಪಕ್ಷಗಳು ಸ್ವಲ್ಪ ಗೊಣಗಿ ಈ ಮಿತಿಯನ್ನು ಏರಿಸುತ್ತಾ ಬಂದಿದ್ದವು. ಗೊಣಗುವ ಕೆಲಸ ವಿರೋಧ ಪಕ್ಷದ್ದು. 2006ರ ಮಾರ್ಚ್‌ನಲ್ಲಿ ಬುಷ್ ಅಧ್ಯಕ್ಷರಾಗಿದ್ದಾಗ ಮಿತಿ ಏರಿಸುವ ಮಸೂದೆಗೆ ವಿರುದ್ಧವಾಗಿ ಮತ ಹಾಕಿದ ಸೆನೆಟರುಗಳಲ್ಲಿ ಒಬಾಮಾ ಕೂಡ ಒಬ್ಬರು. ಅದು ತಪ್ಪು ಎಂದು 2011ರಲ್ಲಿ ಅವರೇ ಒಪ್ಪಿಕೊಂಡರು.

2010ರ ನವೆಂಬರ್ ಚುನಾವಣೆ ಎಲ್ಲವನ್ನೂ ಬದಲಾಯಿಸಿತು. ಕೆಳಮನೆಯಲ್ಲಿ ರಿಪಬ್ಲಿಕನ್ ಪಕ್ಷ 63 ಸ್ಥಾನ ಹೆಚ್ಚಿಸಿಕೊಂಡು ಬಹುಮತ ಪಡೆಯಿತು. ಹೊಸದಾಗಿ ಗೆದ್ದವರಲ್ಲಿ ಹಲವರು, ಸರ್ಕಾರದ ಖರ್ಚು ಮತ್ತು ತೆರಿಗೆ ಇಳಿಯಬೇಕು ಎನ್ನುತ್ತಿದ್ದ ಟೀ ಪಾರ್ಟಿ ಚಳವಳಿಯ ಅಲೆಯಲ್ಲಿ ಬಂದವರು. ಸಾಲ ಏರಿಸಲು ಬಿಡುವುದಿಲ್ಲ ಎಂದು ಊರಿನಲ್ಲಿ ಮಾತು ಕೊಟ್ಟು ಬಂದವರು. ಅವರ ನಾಯಕ ಜಾನ್ ಬೇನರ್ ಕೆಳಮನೆಯ ಸ್ಪೀಕರ್ ಆದರು. ಮೇಲ್ಮನೆಯಾದ ಸೆನೆಟ್ ಮಾತ್ರ ಒಬಾಮಾ ಪಕ್ಷದವರಾದ ಡೆಮಾಕ್ರಟರ ಕೈಯಲ್ಲೇ ಉಳಿಯಿತು. ಆಗಿನ ಸಾಲದ ಮಿತಿ ಸುಮಾರು 14.29 ಲಕ್ಷ ಕೋಟಿ ಡಾಲರ್. 2011ರ ಮೇ 16ಕ್ಕೆ ಸಾಲ ಆ ಗೆರೆಗೆ ಮುಟ್ಟಿತು. ಖಜಾನೆ ಕಾರ್ಯದರ್ಶಿ ತಿಮೋತಿ ಗೈತ್ನರ್ ಲೆಕ್ಕದ ಆ ಕಡೆ ಈ ಕಡೆ ಮಾಡಿ ಆಗಸ್ಟ್ 2ರ ತನಕ ದೂಡಿದರು. ಅದರಾಚೆ ದಾರಿ ಇರಲಿಲ್ಲ.

ಒಬಾಮಾ ಮತ್ತು ಬೇನರ್ ಗುಟ್ಟಾಗಿ ಕೂತು ಮಾತಾಡಿದರು. ಖರ್ಚು ಕಡಿತ, ತೆರಿಗೆ ಏರಿಕೆ ಎಲ್ಲ ಸೇರಿ ಹತ್ತು ವರ್ಷದಲ್ಲಿ ಸುಮಾರು 4 ಲಕ್ಷ ಕೋಟಿ ಡಾಲರ್ ಉಳಿಸುವ ದೊಡ್ಡ ಒಪ್ಪಂದವದು. ಆದಾಯದ ಕಡೆಯಿಂದ 80,000 ಕೋಟಿ ಡಾಲರ್ ಎಂಬಲ್ಲಿಗೆ ಮಾತು ಬಂದಿತ್ತು. ಆಮೇಲೆ ಒಬಾಮಾ ಇನ್ನೂ 40,000 ಕೋಟಿ ಕೇಳಿದರು. ಜುಲೈ 22ರಂದು ಬೇನರ್ ಎದ್ದು ಹೋದರು. ಒಬಾಮಾ ಕೊನೇ ಗಳಿಗೆಯಲ್ಲಿ ಮಾತು ಬದಲಿಸಿದರು ಎಂದು ಒಂದು ಕಡೆಯವರು ಹೇಳುತ್ತಾರೆ. ಮೊದಲಿನ ಒಪ್ಪಂದಕ್ಕೂ ಬೇನರ್ ಹತ್ತಿರ ಮತ ಇರಲಿಲ್ಲ ಎಂದು ಇನ್ನೊಂದು ಕಡೆಯವರು ಹೇಳುತ್ತಾರೆ. ನನಗೆ ಎರಡೂ ನಿಜ ಅನ್ನಿಸುತ್ತದೆ.

ಈಗ ಭಾಷಣಕ್ಕೆ ಬರೋಣ. ನಿಮ್ಮ ಜೊತೆಯವರಿಗೆ ಬೇಸರ ತಂದದ್ದು ಆಗಸ್ಟ್ 8ರ ಮಾತು. ಆದರೆ ನಿಜವಾದ ಪರೀಕ್ಷೆ ಅದಕ್ಕೂ ಎರಡು ವಾರ ಮೊದಲೇ ಆಗಿತ್ತು.

ಜುಲೈ 25ರ ಸೋಮವಾರ ರಾತ್ರಿ 9 ಗಂಟೆಗೆ ಒಬಾಮಾ ಶ್ವೇತಭವನದಿಂದ ದೇಶವನ್ನು ಉದ್ದೇಶಿಸಿ ಮಾತಾಡಿದರು. ಜನ ಎರಡು ಪಕ್ಷಗಳ ಕೈಗೆ ಅಧಿಕಾರ ಹಂಚಿರಬಹುದು, ಆದರೆ ಕೆಲಸವೇ ಮಾಡದ ಸರ್ಕಾರ ಬೇಕು ಅಂತ ಯಾರೂ ಮತ ಹಾಕಿಲ್ಲ ಎಂದರು. ಕೊನೆಗೆ ಜನರಿಗೆ ಒಂದು ಕೆಲಸ ಹೇಳಿದರು: ಎರಡೂ ಕಡೆ ಸಮತೂಗಿದ ದಾರಿ ಬೇಕಿದ್ದರೆ ನಿಮ್ಮ ಪ್ರತಿನಿಧಿಗೆ ತಿಳಿಸಿ. ಅವರ ಮಾತು ಮುಗಿದದ್ದೇ ತಡ, ಬೇನರ್ ತೆರೆಗೆ ಬಂದು ಐದಾರು ನಿಮಿಷ ಉತ್ತರ ಕೊಟ್ಟರು. ಅಧ್ಯಕ್ಷರು ಆರು ತಿಂಗಳ ಹಿಂದೆ ಖಾಲಿ ಚೆಕ್ ಕೇಳಿದ್ದರು, ಇವತ್ತೂ ಅದನ್ನೇ ಕೇಳುತ್ತಿದ್ದಾರೆ ಎಂದರು.

ಜನ ಫೋನ್ ಮಾಡಿದರೇ? ಮಾಡಿದರು, ಪ್ರವಾಹದ ಹಾಗೆ. ಆ ರಾತ್ರಿಯೇ ಹಲವು ಸಂಸದರ ವೆಬ್‌ಸೈಟುಗಳು ಕುಸಿದುಬಿದ್ದವು. ಮರುದಿನ ಕೆಳಮನೆಯ ಫೋನ್ ಸಾಲುಗಳು ತುಂಬಿ ತುಳುಕಿದವು. ಆದರೂ ಆ ವಾರ ಒಂದೇ ಒಂದು ದೊಡ್ಡ ಮತವೂ ಒಬಾಮಾ ಕೇಳಿದ ದಿಕ್ಕಿಗೆ ತಿರುಗಲಿಲ್ಲ. ಜುಲೈ 29ರಂದು ಬೇನರ್ ತಮ್ಮ ಪಕ್ಷದ ಮಸೂದೆಯನ್ನೇ 218–210ರಲ್ಲಿ ಪಾಸು ಮಾಡಿಸಿದರು. ಅದೂ ತಮ್ಮವರನ್ನು ಸಮಾಧಾನ ಮಾಡಲು ಇನ್ನಷ್ಟು ಬಿಗಿ ಮಾಡಿ. ಸೆನೆಟ್ ಅದೇ ಸಂಜೆ ಅದನ್ನು ಪಕ್ಕಕ್ಕಿಟ್ಟಿತು.

ನಾನು ವಿದ್ಯಾರ್ಥಿಗಳಿಗೆ ಇದನ್ನು ಹೇಳುವಾಗ ಯಾವಾಗಲೂ ಇನ್ನೊಂದು ಜುಲೈ ತಿಂಗಳನ್ನು ಪಕ್ಕದಲ್ಲಿಡುತ್ತೇನೆ. ಸರಿಯಾಗಿ ಮೂವತ್ತು ವರ್ಷ ಹಿಂದೆ, 1981ರ ಜುಲೈ 27ರಂದು ಆಗಿನ ರಿಪಬ್ಲಿಕನ್ ಅಧ್ಯಕ್ಷ ರೇಗನ್ ಟಿವಿಗೆ ಬಂದರು. ತಮ್ಮ ತೆರಿಗೆ ಕಡಿತದ ಮಸೂದೆ ಪಾಸಾಗಬೇಕು, ನಿಮ್ಮ ಪ್ರತಿನಿಧಿಗೆ ಹೇಳಿ ಎಂದು ಜನರನ್ನು ಕೇಳಿದರು. ಆಗಲೂ ಫೋನುಗಳು ಜಾಮ್ ಆದವು. ಕೆಳಮನೆಯಲ್ಲಿ ಡೆಮಾಕ್ರಟರದೇ ಬಹುಮತ. ಆದರೂ ಎರಡೇ ದಿನದಲ್ಲಿ, ಜುಲೈ 29ರಂದು, 238–195ರಲ್ಲಿ ರೇಗನ್ ಗೆದ್ದರು. ಪಕ್ಷದ ನಿಲುವು ಬಿಟ್ಟು ಅವರ ಕಡೆ ಮತ ಹಾಕಿದ ಡೆಮಾಕ್ರಟರು 48 ಮಂದಿ.

ಅದೇ ಅಸ್ತ್ರ, ಅದೇ ತಿಂಗಳು, ಅದೇ ಫೋನು. ಫಲ ಮಾತ್ರ ಬೇರೆ. ರೇಗನ್ ಒಬಾಮಾಗಿಂತ ಅಷ್ಟು ದೊಡ್ಡ ಮಾತುಗಾರರೇ? ಹಾಗೇನಿಲ್ಲ. ಫೋನಿನ ಆ ತುದಿಯಲ್ಲಿ ಕೂತವರು ಬೇರೆ.

1981ರಲ್ಲಿ ದಕ್ಷಿಣದ ರಾಜ್ಯಗಳಿಂದ ಬಂದ ಡೆಮಾಕ್ರಟರು ಬಹಳ ಮಂದಿ ಇದ್ದರು. ಅವರ ಊರಿನ ಜನ ಸಂಸದನಾಗಿ ಅವರನ್ನು ಆರಿಸಿ, ಅದೇ ಚುನಾವಣೆಯಲ್ಲಿ ಅಧ್ಯಕ್ಷನಾಗಿ ರೇಗನ್ ಅವರಿಗೆ ಮತ ಹಾಕಿದ್ದರು. ಆ ಊರಿಂದ ಫೋನ್ ಬಂದರೆ ಸಂಸದನ ಎದೆ ಡವಡವ ಅನ್ನುತ್ತಿತ್ತು. ಮುಂದಿನ ಚುನಾವಣೆಯಲ್ಲಿ ಎದುರಾಳಿ ಪಕ್ಷ ತನ್ನ ಸೀಟು ಕಿತ್ತುಕೊಳ್ಳಬಹುದು ಎಂಬ ಭಯ.

2011ರಲ್ಲೂ ಒಬಾಮಾ ಗೆದ್ದಿದ್ದ ಕ್ಷೇತ್ರಗಳಿಂದ ಬಂದ ರಿಪಬ್ಲಿಕನ್ನರು ಇದ್ದರು. ಆದರೆ ಅವರ ಭಯ ಬೇರೆ ಕಡೆಯಿಂದ ಬರುತ್ತಿತ್ತು. ಅಲ್ಲಿ ಪಕ್ಷದ ಅಭ್ಯರ್ಥಿಯನ್ನು ಹೈಕಮಾಂಡ್ ಆರಿಸುವುದಿಲ್ಲ. ಪಕ್ಷದ ಮತದಾರರೇ ಪ್ರೈಮರಿ ಎಂಬ ಒಳಚುನಾವಣೆಯಲ್ಲಿ ಆರಿಸುತ್ತಾರೆ. ಮತ ಹಾಕಲು ಬರುವವರು ಕಡಿಮೆ, ಬರುವವರು ಪಕ್ಷದಲ್ಲಿ ಬಿಸಿ ಜಾಸ್ತಿ ಇರುವವರು. 2010ರಲ್ಲಿ ಯೂಟಾದ ಹಿರಿಯ ಸೆನೆಟರ್ ಬಾಬ್ ಬೆನೆಟ್ ಅವರಿಗೆ ಅವರದೇ ಪಕ್ಷದವರು ಮತ್ತೆ ಟಿಕೆಟ್ ಕೊಡಲಿಲ್ಲ. ಅದೇ ವರ್ಷ ಡೆಲವೇರ್‌ನಲ್ಲಿ ಮೈಕ್ ಕ್ಯಾಸಲ್ ಪ್ರೈಮರಿಯಲ್ಲೇ ಸೋತರು. ಇಬ್ಬರ ಮೇಲೂ ಇದ್ದ ದೂರು ಒಂದೇ: ಆ ಕಡೆಯವರ ಜೊತೆ ಹೊಂದಿಕೊಂಡು ಹೋಗುತ್ತಾರೆ ಅನ್ನುವುದು. ಇದರ ಮೇಲೆ, ತೆರಿಗೆ ಏರಿಸುವುದಿಲ್ಲ ಎಂದು ಗ್ರೋವರ್ ನಾರ್ಕ್ವಿಸ್ಟ್ ಎಂಬವರ ಸಂಘಟನೆ ತಯಾರಿಸಿದ್ದ ಪ್ರತಿಜ್ಞೆಗೆ ಕೆಳಮನೆಯ ರಿಪಬ್ಲಿಕನ್ನರು ಬಹುತೇಕ ಎಲ್ಲರೂ ಸಹಿ ಹಾಕಿದ್ದರು. ಹೀಗಿರುವಾಗ ಒಬಾಮಾ ಮಾತು ಕೇಳಿ ನೂರು ಜನ ಫೋನ್ ಮಾಡಿ ‘ಒಪ್ಪಂದ ಮಾಡಿಕೊಳ್ಳಿ’ ಅಂದರೆ ಆ ಸಂಸದ ಏನು ಮಾಡಬೇಕು? ಆ ನೂರು ಜನ ಅವನ ಪ್ರೈಮರಿಯಲ್ಲಿ ಮತ ಹಾಕುವವರಲ್ಲ. ಹಾಕುವವರೂ ಫೋನ್ ಮಾಡಿದ್ದರು. ಪಟ್ಟು ಬಿಡಬೇಡಿ ಅಂತ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮನಸ್ಸು ಬದಲಿಸಿದ ಸಂಸದರು ಹತ್ತಾರು ಮಂದಿ ಇದ್ದರೂ ಅವರು ಮತ ಹಾಕಲು ಮಸೂದೆ ಸದನಕ್ಕೆ ಬರಬೇಕು ತಾನೆ? ಯಾವುದು ಬರಬೇಕು ಎಂದು ತೀರ್ಮಾನಿಸುವುದು ಸ್ಪೀಕರ್. ತನ್ನ ಪಕ್ಷದ ಹೆಚ್ಚಿನವರಿಗೆ ಬೇಡವಾದದ್ದನ್ನು ತರಬಾರದು ಎನ್ನುವುದು ಆಗಿನ ರಿಪಬ್ಲಿಕನ್ ಸ್ಪೀಕರುಗಳ ಅಲಿಖಿತ ನಿಯಮ. ಬಾಗಿಲೇ ಮುಚ್ಚಿರುವಾಗ ಒಳಗಿರುವವರ ಮನಸ್ಸು ಕರಗಿದರೇನು?

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಂಬಿ ಬೆಳೆದವರು ನಾವು. ನಿಮ್ಮ ಮೊದಲ ಪ್ರಶ್ನೆಯ ಹಿಂದೆ ಆ ನಂಬಿಕೆಯೇ ಇದೆ ಅನ್ನಿಸುತ್ತದೆ. ಎದುರುಬದುರು ಕೂತ ಇಬ್ಬರ ನಡುವೆ ಈ ಗಾದೆ ನಿಜ. ಅಧ್ಯಕ್ಷರು ಟಿವಿಯಲ್ಲಿ ಮಾತಾಡುವಾಗ ಎಷ್ಟೋ ಸಲ ಇದು ತಿರುಗಿ ಹೊಡೆಯುತ್ತದೆ.

ಯಾಕೆಂದರೆ ಅಧ್ಯಕ್ಷ ಬಾಯಿ ಬಿಟ್ಟ ಕೂಡಲೇ ಆ ವಿಷಯ ಅವರ ಪಕ್ಷದ ಸೊತ್ತಾಗುತ್ತದೆ. ಫ್ರಾನ್ಸಿಸ್ ಲೀ ಎಂಬ ರಾಜಕೀಯ ವಿಜ್ಞಾನಿ ಸೆನೆಟ್‌ನ ಹಲವು ವರ್ಷದ ಮತಗಳನ್ನು ಇಟ್ಟುಕೊಂಡು ಇದನ್ನು ತೋರಿಸಿದರು. ಎಡ-ಬಲ ಅಂತ ಏನೂ ಇಲ್ಲದ ವಿಷಯದಲ್ಲೂ, ಅಧ್ಯಕ್ಷರು ಒಂದು ಕಡೆ ನಿಂತರೆ ಪಕ್ಷಗಳ ನಡುವಿನ ಬಿರುಕು ದೊಡ್ಡದಾಗುತ್ತದೆ. ಅಧ್ಯಕ್ಷರು ಗೆದ್ದರೆ ಎದುರು ಪಕ್ಷ ಸೋತಂತೆ. ಹಾಗಾಗಿ ತಮಗೂ ಒಪ್ಪಿಗೆಯಾದದ್ದನ್ನು ಕೂಡ ಅವರು ಒಪ್ಪುವುದಿಲ್ಲ. ಅಧ್ಯಕ್ಷರ ಭಾಷಣಗಳು ಮತ್ತು ಜನಾಭಿಪ್ರಾಯದ ಬಗ್ಗೆ ಬಹಳ ಕಾಲ ಕೆಲಸ ಮಾಡಿದ ಜಾರ್ಜ್ ಎಡ್ವರ್ಡ್ಸ್ ಕೂಡ ಇದೇ ಥರದ ಮಾತು ಹೇಳುತ್ತಾರೆ. ದೊಡ್ಡ ಮಾತುಗಾರರು ಎನ್ನಿಸಿಕೊಂಡವರ ಭಾಷಣ ಕೂಡ ಜನರ ಅಭಿಪ್ರಾಯವನ್ನು ಅಲುಗಾಡಿಸಿದ್ದು ಬಹಳ ಕಡಿಮೆ. ರೇಗನ್ ಅವರನ್ನೇ ನೋಡಿ. ನಿಕರಾಗುವಾದಲ್ಲಿ ಅಲ್ಲಿನ ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ಕಾಂಟ್ರಾ ಪಡೆಗಳಿಗೆ ಸಹಾಯ ಬೇಕೆಂದು ಮತ್ತೆ ಮತ್ತೆ ಮಾತಾಡಿದರು. ಜನರಲ್ಲಿ ಹೆಚ್ಚಿನವರು ಕೊನೆವರೆಗೂ ಒಪ್ಪಲಿಲ್ಲ.

ಆಗಸ್ಟ್ 2011ರಲ್ಲಿ ಒಬಾಮಾ ಅವರಿಂದ ಅತಿ ಹೆಚ್ಚು ನೊಂದವರು ಅವರ ಸ್ವಂತ ಬೆಂಬಲಿಗರು. ಮನಶ್ಶಾಸ್ತ್ರಜ್ಞ ಡ್ರೂ ವೆಸ್ಟನ್ ಆ ವಾರ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಉದ್ದನೆಯ ಲೇಖನ ಬರೆದರು. ಅಧ್ಯಕ್ಷರು ಜನರಿಗೆ ಒಂದು ಕತೆ ಹೇಳಲಿಲ್ಲ, ಈ ಸಂಕಟ ತಂದವರು ಯಾರು ಎಂದು ಬೊಟ್ಟು ಮಾಡಲಿಲ್ಲ, 1936ರ ಅಧ್ಯಕ್ಷ ರೂಸ್‌ವೆಲ್ಟ್ ಹಾಗೆ ಎದೆ ತಟ್ಟಿ ನಿಲ್ಲಲಿಲ್ಲ ಎನ್ನುವುದು ಅವರ ಅಳಲು. ಅದನ್ನು ಓದಿದಾಗ ನನಗೂ ಹೌದು ಅನ್ನಿಸಿತ್ತು. ಆಮೇಲೆ ಕೂತು ಯೋಚಿಸಿದೆ. 1936ರ ಚುನಾವಣೆ ಆದ ಮೇಲೆ 96 ಮಂದಿಯ ಸೆನೆಟ್‌ನಲ್ಲಿ 70ಕ್ಕೂ ಹೆಚ್ಚು ಮಂದಿ ರೂಸ್‌ವೆಲ್ಟ್ ಪಕ್ಷದವರೇ. ಅಷ್ಟಿದ್ದೂ ಮುಂದಿನ ವರ್ಷ ಸುಪ್ರೀಂ ಕೋರ್ಟಿಗೆ ಹೊಸ ನ್ಯಾಯಮೂರ್ತಿಗಳನ್ನು ಸೇರಿಸುವ ಯೋಜನೆ ತಂದಾಗ, 1937ರ ಮಾರ್ಚ್ 9ರಂದು ರೇಡಿಯೋದಲ್ಲಿ ಮನೆಯವರ ಹತ್ತಿರ ಮಾತಾಡುವ ಹಾಗೆ ಮಾತಾಡಿದರು. ಅಂಥ ಸೊಗಸಾದ ಮಾತಿಗೂ ಸೆನೆಟ್ ಕರಗಲಿಲ್ಲ. ಜುಲೈನಲ್ಲಿ ಯೋಜನೆಯನ್ನು ವಾಪಸ್ ಕಳಿಸಿಬಿಟ್ಟಿತು.

ಹಾಗಾದರೆ ಆಗಸ್ಟ್ 8ರ ಭಾಷಣದಲ್ಲಿ ತಪ್ಪೇ ಇರಲಿಲ್ಲವೇ? ಇತ್ತು. ನಿಮ್ಮ ಜೊತೆಯವರ ಪರವಾಗಿ ಇದನ್ನು ಹೇಳಲೇಬೇಕು.

ಜುಲೈ 31ರ ಭಾನುವಾರ ರಾತ್ರಿ ಕೊನೆಗೂ ಒಪ್ಪಂದವಾಗಿತ್ತು. ಮರುದಿನ ಕೆಳಮನೆಯಲ್ಲಿ 269–161ರಲ್ಲಿ ಪಾಸಾಯಿತು. ಜನವರಿಯಲ್ಲಿ ತಲೆಗೆ ಗುಂಡೇಟು ತಿಂದಿದ್ದ ಸಂಸದೆ ಗ್ಯಾಬಿ ಗಿಫರ್ಡ್ಸ್ ಅಂದು ಮೊದಲ ಬಾರಿ ಸದನಕ್ಕೆ ಬಂದು ಮತ ಹಾಕಿದರು. ಎರಡೂ ಪಕ್ಷದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಮೂರು ವಾರದಲ್ಲಿ ಎರಡು ಕಡೆಯವರೂ ಒಟ್ಟಿಗೆ ಮನುಷ್ಯರಾಗಿ ಕಂಡ ಒಂದೇ ಗಳಿಗೆ ಅದು. ಆಗಸ್ಟ್ 2ರಂದು, ಗಡುವಿನ ದಿನವೇ, ಸೆನೆಟ್ 74–26ರಲ್ಲಿ ಒಪ್ಪಿತು. ಹತ್ತು ವರ್ಷದಲ್ಲಿ 91,700 ಕೋಟಿ ಡಾಲರ್ ಕಡಿತ ತಕ್ಷಣಕ್ಕೆ, ಇನ್ನೂ 1.5 ಲಕ್ಷ ಕೋಟಿಗೆ ಹನ್ನೆರಡು ಮಂದಿಯ ಸಮಿತಿ ದಾರಿ ಹುಡುಕಬೇಕು ಎಂದಾಯಿತು. ಆ ಸಮಿತಿ ನವೆಂಬರ್‌ನಲ್ಲಿ ಕೈಚೆಲ್ಲಿತು.

ಆಗಸ್ಟ್ 5ರ ಶುಕ್ರವಾರ ಸಂಜೆ ಸಾಲ ತೀರಿಸುವ ಶಕ್ತಿಗೆ ದರ್ಜೆ ಕೊಡುವ ಸ್ಟ್ಯಾಂಡರ್ಡ್ ಅಂಡ್ ಪೂರ್ಸ್ ಸಂಸ್ಥೆ ಅಮೆರಿಕದ ರೇಟಿಂಗನ್ನು ಎಲ್ಲಕ್ಕಿಂತ ಮೇಲಿನ ಎಎಎಯಿಂದ ಎಎ ಪ್ಲಸ್‌ಗೆ ಇಳಿಸಿತು. ಇತಿಹಾಸದಲ್ಲೇ ಮೊದಲ ಸಲ. ಆ ಸಂಸ್ಥೆ ತನ್ನ ಲೆಕ್ಕದಲ್ಲಿ 2 ಲಕ್ಷ ಕೋಟಿ ಡಾಲರ್‌ನಷ್ಟು ಎಡವಿದೆ ಎಂದು ಖಜಾನೆಯವರು ತೋರಿಸಿದರು. ಆದರೂ ತೀರ್ಮಾನ ಬದಲಾಗಲಿಲ್ಲ. ಯಾಕೆಂದರೆ ಸಂಸ್ಥೆ ದುಡ್ಡಿನ ಜೊತೆಗೆ ರಾಜಕೀಯವನ್ನೂ ದೂರಿತ್ತು. ಸಾಲ ತೀರಿಸುವುದನ್ನೇ ಪಣಕ್ಕಿಡುವ ದೇಶವನ್ನು ಮೊದಲಿನಷ್ಟು ನಂಬುವುದು ಕಷ್ಟ ಎನ್ನುವುದು ಅದರ ಮಾತಿನ ತಿರುಳು.

ಸೋಮವಾರ ಪೇಟೆ ತೆರೆದಾಗಲೇ ಬೀಳುತ್ತಿತ್ತು. ಇಟಲಿ, ಸ್ಪೇನ್ ಸಾಲದ ಭಯವೂ ಅದರಲ್ಲಿ ಸೇರಿತ್ತು. ಒಬಾಮಾ ಹೇಳಿದ ಸಮಯಕ್ಕಿಂತ ತಡವಾಗಿ ಬಂದರು. ಯಾವುದೋ ಸಂಸ್ಥೆ ಏನೇ ಹೇಳಲಿ, ನಾವು ಯಾವತ್ತೂ ಎಎಎ ದೇಶವೇ ಎಂದರು. ಸಮಸ್ಯೆ ಬಗೆಹರಿಸಲು ಆಗದ್ದಲ್ಲ, ಮನಸ್ಸು ಬೇಕು ಎಂದರು. ಸಂಬಳದ ಮೇಲಿನ ತೆರಿಗೆ ಕಡಿತವನ್ನು, ಕೆಲಸ ಕಳೆದುಕೊಂಡವರ ಭತ್ಯೆಯನ್ನು ಮುಂದುವರಿಸಿ ಎಂದು ಮೊದಲೇ ಹೇಳಿದ್ದನ್ನು ಮತ್ತೆ ಹೇಳಿದರು. ತಮ್ಮ ಸಲಹೆಗಳನ್ನು ಮುಂದಿನ ವಾರಗಳಲ್ಲಿ ಕೊಡುತ್ತೇನೆ ಎಂದರು. ದಿನದ ಕೊನೆಗೆ ಡೌ ಜೋನ್ಸ್ 634 ಅಂಶ, ಅಂದರೆ ನೂರಕ್ಕೆ ಐದೂವರೆಯಷ್ಟು, ಇಳಿದಿತ್ತು.

ನನ್ನ ದೃಷ್ಟಿಯಲ್ಲಿ ಆ ಭಾಷಣದ ತಪ್ಪು ಭಾಷೆಯದ್ದಲ್ಲ. ಹೊಸದಾಗಿ ಹೇಳಲು ಏನೂ ಕೈಯಲ್ಲಿ ಇಲ್ಲದಾಗ ಅವರು ಜನರ ಮುಂದೆ ಬಂದು ನಿಂತರು. ಮನೆಗೆ ಬೆಂಕಿ ಬಿದ್ದಾಗ ಓಡಿ ಬಂದವನ ಕೈಯನ್ನು ಜನ ನೋಡುತ್ತಾರೆ, ಕೊಡ ಇದೆಯೇ ಅಂತ. ಅಧ್ಯಕ್ಷರು ಅವಸರವಾಗಿ ಕ್ಯಾಮೆರಾ ಮುಂದೆ ಬಂದರೆ ಏನೋ ನಿರ್ಧಾರ ಆಗಿದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಅದಿಲ್ಲ ಎಂದು ಗೊತ್ತಾದ ಕ್ಷಣ ಧೈರ್ಯದ ಬದಲು ಹೆದರಿಕೆ ಹೆಚ್ಚುತ್ತದೆ. ಆ ದಿನ ಸುಮ್ನೆ ಇದ್ದಿದ್ದರೆ ವಾಸಿಯಿತ್ತು. ಹಾಗೆಯೇ ಜುಲೈ 25ರಂದು ಜನರಿಗೆ ಫೋನ್ ಮಾಡಿ ಎಂದರು ಸರಿ, ಯಾವ ಮಸೂದೆಗೆ ಹೌದು ಅನ್ನಬೇಕು ಎಂದು ಹೇಳಲಿಲ್ಲ. ರೇಗನ್ ಜನರ ಕೈಗೆ ಒಂದು ಮಸೂದೆ, ಒಂದು ದಿನಾಂಕ ಕೊಟ್ಟಿದ್ದರು. ಒಬಾಮಾ ಒಂದು ಭಾವನೆಯನ್ನು ಕೊಟ್ಟರು.

ಜನ ಏನಂದರು ಎನ್ನುವುದಕ್ಕೆ ನಮ್ಮ ಹತ್ತಿರ ಒಳ್ಳೆಯ ದಾಖಲೆ ಇದೆ. ಒಪ್ಪಂದದ ವಾರಾಂತ್ಯದಲ್ಲಿ ಪ್ಯೂ ಎಂಬ ಸಂಶೋಧನಾ ಸಂಸ್ಥೆ ಮತ್ತು ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಸೇರಿ ಜನರನ್ನು ಕೇಳಿದವು: ಈ ಮಾತುಕತೆಯನ್ನು ಒಂದೇ ಪದದಲ್ಲಿ ಹೇಳಿ. ನೂರಕ್ಕೆ 72 ಮಂದಿ ಬೈಗುಳದ ಪದವನ್ನೇ ಆರಿಸಿಕೊಂಡರು. ಅಸಂಬದ್ಧ, ಅಸಹ್ಯ, ಮೂರ್ಖತನ ಎಂಬ ಅರ್ಥದ ಪದಗಳು ಮೊದಲ ಸಾಲಿನಲ್ಲಿದ್ದವು. ಡೆಮಾಕ್ರಟ್, ರಿಪಬ್ಲಿಕನ್, ಯಾವುದೂ ಅಲ್ಲದವರು, ಎಲ್ಲರದೂ ಇದೇ ಮಾತು. ನ್ಯೂಯಾರ್ಕ್ ಟೈಮ್ಸ್-ಸಿಬಿಎಸ್ ಸಮೀಕ್ಷೆಯಲ್ಲಿ ನೂರಕ್ಕೆ 82 ಮಂದಿ ಕಾಂಗ್ರೆಸ್ಸಿನ ಕೆಲಸವನ್ನು ಒಪ್ಪಲಿಲ್ಲ. ಗ್ಯಾಲಪ್ ಸಮೀಕ್ಷೆಯ ಲೆಕ್ಕದಲ್ಲಿ ಕಾಂಗ್ರೆಸ್ಸನ್ನು ಮೆಚ್ಚಿದವರು ನೂರಕ್ಕೆ 13. ಒಬಾಮಾ ಕೂಡ ಅದೇ ಆಗಸ್ಟ್‌ನಲ್ಲಿ 40ಕ್ಕಿಂತ ಕೆಳಗೆ ಹೋದರು. ಮಿಶಿಗನ್ ವಿಶ್ವವಿದ್ಯಾಲಯದ ಗ್ರಾಹಕ ವಿಶ್ವಾಸ ಸೂಚ್ಯಂಕ 2008ರ ನವೆಂಬರ್ ನಂತರದ ಅತಿ ಕೆಳಮಟ್ಟಕ್ಕೆ ಇಳಿಯಿತು. ಜನ ಹೊಸ ಕಾರು, ಮನೆ ಕೊಳ್ಳುವುದನ್ನು ಮುಂದಕ್ಕೆ ಹಾಕುವ ಮನಸ್ಸಿಗೆ ಬಂದಿದ್ದರು.

ಸಿಟ್ಟು ಸರಿಯೇ ಎಂದು ಕೇಳಿದಿರಿ. ಸಿಟ್ಟಿಗೆ ಕಾರಣ ನೂರಕ್ಕೆ ನೂರು ಸರಿ. ಬರೀ ತಡ ಮಾಡಿದ್ದಕ್ಕೇ ಆ ವರ್ಷ ಸರ್ಕಾರಕ್ಕೆ ಸುಮಾರು 130 ಕೋಟಿ ಡಾಲರ್ ಹೆಚ್ಚುವರಿ ಬಡ್ಡಿ ಬಿತ್ತು ಎಂದು ಅಲ್ಲಿನ ಲೆಕ್ಕಪರಿಶೋಧಕರು ಹೇಳಿದರು. ಜನರ ದುಡ್ಡು ಅದು. ನನಗೆ ನೋವಾಗುವುದು ಬೇರೆ ಕಡೆ. ‘ಎಲ್ಲರೂ ಒಂದೇ, ಎಲ್ಲ ಹಾಳಾಗಿಹೋಗಲಿ’ ಎಂದು ಜನ ಕೈತೊಳೆದುಕೊಂಡಾಗ ಲಾಭ ಯಾರಿಗೆ? ಅಡ್ಡಗಾಲು ಹಾಕಿದವರಿಗೆ. ಸರ್ಕಾರ ಕೆಟ್ಟಿದೆ ಎಂದು ಅನ್ನಿಸಿದಾಗ ಮತದಾರ ಮೊದಲು ಬೈಯುವುದು ಅಧ್ಯಕ್ಷರನ್ನು, ಅವರ ಪಕ್ಷವನ್ನು. ಇದು ವಿರೋಧ ಪಕ್ಷಕ್ಕೆ ಚೆನ್ನಾಗಿ ಗೊತ್ತು. ಒಬಾಮಾ ಎರಡನೇ ಸಲ ಗೆಲ್ಲದಂತೆ ಮಾಡುವುದೇ ತಮ್ಮ ಮುಖ್ಯ ಗುರಿ ಎಂದು ಸೆನೆಟ್‌ನ ರಿಪಬ್ಲಿಕನ್ ನಾಯಕ ಮಿಚ್ ಮಕಾನಲ್ 2010ರಲ್ಲೇ ಹೇಳಿದ್ದರು. ಒಪ್ಪಂದ ಮುಗಿದ ಮೇಲೆ ಸಾಲದ ಮಿತಿಯನ್ನು ಅವರು ಒತ್ತೆಯಾಳಿಗೆ ಹೋಲಿಸಿದರು. ಒತ್ತೆಹಣ ಕೇಳಲು ಯೋಗ್ಯವಾದ ಒತ್ತೆಯಾಳು ಇದು, ನಾವು ಕಲಿತದ್ದು ಇದನ್ನು ಎಂದರು. ಮುಚ್ಚುಮರೆ ಇಲ್ಲದೆ ಹೇಳಿದರು. ನಾಳೆ ಡೆಮಾಕ್ರಟರೂ ಇದನ್ನೇ ಮಾಡಬಹುದು. ಒಂದು ಸಲ ಫಲ ಕೊಟ್ಟ ದಾರಿಯನ್ನು ಯಾವ ಪಕ್ಷವೂ ಮರೆಯುವುದಿಲ್ಲ.

ಗಂಟು ಹಾಗಾದರೆ ಬಿಚ್ಚುವುದು ಹೇಗೆ? ಆಮೇಲಿನ ಎರಡು ಬಿಕ್ಕಟ್ಟು ನೋಡಿ. ಇವು ಸಾಲದ ಮಿತಿಯವಲ್ಲ, ಖರ್ಚಿನ ಮಸೂದೆ ಗಡುವಿನೊಳಗೆ ಪಾಸಾಗದೆ ಸರ್ಕಾರದ ಕೆಲಸ ನಿಂತದ್ದು. 2018ರ ಡಿಸೆಂಬರ್ 22ರಂದು ಗಡಿ ಗೋಡೆಗೆ ಹಣದ ವಿಷಯದಲ್ಲಿ ಸರ್ಕಾರದ ಒಂದು ಭಾಗ ಬಂದ್ ಆಯಿತು. ಜನವರಿ 8ರಂದು ಟ್ರಂಪ್ ಓವಲ್ ಆಫೀಸಿನಿಂದ ಭಾಷಣ ಮಾಡಿದರು. ಡೆಮಾಕ್ರಟರ ನಾಯಕರಾದ ನ್ಯಾನ್ಸಿ ಪೆಲೋಸಿ ಮತ್ತು ಚಕ್ ಶೂಮರ್ ತಕ್ಷಣ ಉತ್ತರ ಕೊಟ್ಟರು. ಯಾರೂ ಕದಲಲಿಲ್ಲ. ಸುಮಾರು 8 ಲಕ್ಷ ನೌಕರರಿಗೆ ಸಂಬಳ ನಿಂತಿತ್ತು. ಬಂದ್‌ನ 35ನೇ ದಿನ, ಜನವರಿ 25ರಂದು, ವಿಮಾನ ಸಂಚಾರ ನಿಯಂತ್ರಕರಲ್ಲಿ ಕೆಲವರು ರಜೆ ಹಾಕಿ ನ್ಯೂಯಾರ್ಕಿನ ಲಾಗ್ವಾರ್ಡಿಯಾದಲ್ಲಿ ವಿಮಾನಗಳು ತಡವಾದವು. ಅದೇ ದಿನ ಬಂದ್ ಮುಗಿಯಿತು.

2025ರದ್ದು, ನಿಮ್ಮ ಮಗಳನ್ನು ತಟ್ಟಿದ್ದು, 43 ದಿನ ನಡೆಯಿತು. ಅಲ್ಲಿಯವರೆಗಿನ ಅತಿ ಉದ್ದದ ಬಂದ್ ಅದು. ಈ ಸಲ ಪಟ್ಟು ಹಿಡಿದವರು ಡೆಮಾಕ್ರಟರು. ಆರೋಗ್ಯ ವಿಮೆಯ ಸಹಾಯಧನ ಮುಂದುವರಿಸಿ ಎಂಬುದು ಅವರ ಬೇಡಿಕೆ. ಸೆನೆಟ್‌ನಲ್ಲಿ ಇಂಥ ಮಸೂದೆ ಮುಂದೆ ಹೋಗಲು 60 ಮತ ಬೇಕು. ಕೊನೆಗೆ ಡೆಮಾಕ್ರಟರ ಕಡೆಯಿಂದ ರಿಪಬ್ಲಿಕನ್ನರ ಜೊತೆ ಮತ ಹಾಕಿದವರು ಎಂಟು ಮಂದಿ ಆದರು, 60–40 ಆಯಿತು, ನವೆಂಬರ್ 12ಕ್ಕೆ ಸರ್ಕಾರ ತೆರೆಯಿತು. ಎಂಟೇ ಮಂದಿ! ಅಷ್ಟು ದಿನ ಟಿವಿಯಲ್ಲಿ ಎರಡೂ ಕಡೆಯವರು ಆಡಿದ ಮಾತಿಗೆ ಲೆಕ್ಕವಿಲ್ಲ. ಸಂಬಳವಿಲ್ಲದ ನೌಕರರು, ರದ್ದಾದ ವಿಮಾನಗಳು, ನಿಂತ ಆಹಾರ ನೆರವು, ಈ ನೋವು ಊರೂರಿಗೆ ತಲುಪಿದ ಮೇಲೆ ಹಾಗೆ ಎದ್ದು ಬಂದವರ ಲೆಕ್ಕ ಎಂಟಕ್ಕೆ ಮುಟ್ಟಿತು. ಅವರು ಮಾಡಿದ್ದು ಸರಿಯೇ ತಪ್ಪೇ ಎಂದು ಅವರ ಪಕ್ಷದಲ್ಲಿ ದೊಡ್ಡ ಜಗಳವಾಯಿತು.

ನಮ್ಮ ದೇಶದ ಪ್ರಶ್ನೆಗೆ ಉತ್ತರ ಚಿಕ್ಕದು. ಇಲ್ಲಿ ಲೋಕಸಭೆಯಲ್ಲಿ ಬಹುಮತ ಇದ್ದವರೇ ಸರ್ಕಾರ ನಡೆಸುತ್ತಾರೆ. ಹಣದ ಮಸೂದೆ ಅಲ್ಲಿ ಬಿದ್ದರೆ ಸರ್ಕಾರವೇ ಬೀಳುತ್ತದೆ. ರಾಜ್ಯಸಭೆ ಹಣದ ಮಸೂದೆಯನ್ನು 14 ದಿನ ಇಟ್ಟುಕೊಳ್ಳಬಹುದು, ಅಷ್ಟೆ. ಬಹುಮತ ಹೋದರೆ ಬೇರೆ ಸರ್ಕಾರ, ಇಲ್ಲವೇ ಚುನಾವಣೆ. 1999ರಲ್ಲಿ ವಾಜಪೇಯಿ ಒಂದೇ ಮತದಲ್ಲಿ ಸೋತಾಗ ಆದದ್ದು ಇದೇ. ಅಮೆರಿಕದಲ್ಲಿ ಅಧ್ಯಕ್ಷ, ಕೆಳಮನೆ, ಸೆನೆಟ್ ಮೂರೂ ಬೇರೆ ಬೇರೆ ಚುನಾವಣೆಯಿಂದ ಬರುತ್ತವೆ. ಜನ ನನ್ನನ್ನೂ ಆರಿಸಿದ್ದಾರೆ ಎಂದು ಮೂರೂ ಕಡೆಯವರು ಹೇಳಬಹುದು, ಮೂರೂ ನಿಜ. ಗಡುವು ಮುಗಿಯಿತು ಅಂತ ಚುನಾವಣೆ ಕರೆಯುವ ಹಾಗಿಲ್ಲ. ಹಾಗಂತ ನಮ್ಮದೇ ಮೇಲು ಎಂದು ನಾನು ಹೇಳುವುದಿಲ್ಲ. ಪಕ್ಷಾಂತರ ನಿಷೇಧ ಕಾಯ್ದೆ ಬಂದ 1985ರ ಮೇಲೆ ನಮ್ಮ ಸಂಸದರು ವಿಪ್ ಮೀರಿ ಮತ ಹಾಕಿದರೆ ಸ್ಥಾನವನ್ನೇ ಕಳೆದುಕೊಳ್ಳಬಹುದು. ಅಲ್ಲಿ ಎಂಟು ಮಂದಿ ಎದ್ದು ಬಂದ ಹಾಗೆ ಇಲ್ಲಿ ಬರಲು ಆಗುವುದಿಲ್ಲ.

ಕೊನೆಗೆ ನಿಮ್ಮ ಮಗಳ ವಿಷಯ. ವೀಸಾ ಅರ್ಜಿ ನೋಡುವ ವಲಸೆ ಇಲಾಖೆ ಹೆಚ್ಚಾಗಿ ಅರ್ಜಿ ಶುಲ್ಕದಿಂದ ನಡೆಯುತ್ತದೆ, ಹಾಗಾಗಿ ಬಂದ್ ಆಗುವುದಿಲ್ಲ. ಆದರೆ ಎಚ್-1ಬಿ ಅರ್ಜಿಗೆ ಮೊದಲು ಕಂಪನಿಯವರು ಕಾರ್ಮಿಕ ಇಲಾಖೆಯಿಂದ ಎಲ್‌ಸಿಎ ಎಂಬ ಪ್ರಮಾಣಪತ್ರ ತರಬೇಕು. ಅದು ಸರ್ಕಾರಿ ಹಣದಲ್ಲಿ ನಡೆಯುವ ಕೆಲಸ. 2013ರ ಬಂದ್‌ನಲ್ಲೂ ನಿಂತಿತ್ತು, 2025ರಲ್ಲೂ ನಿಂತಿತು. ಮಾಮೂಲಿನಂತೆ ಏಳು ಕೆಲಸದ ದಿನದಲ್ಲಿ ಆಗುವ ಕಾಗದ ಇದು. ಅಲ್ಲಿ ಬಜೆಟ್ ವರ್ಷ ಶುರುವಾಗುವುದು ಅಕ್ಟೋಬರ್ 1ಕ್ಕೆ. ಹಾಗಾಗಿ ಕೆಲಸ ಬದಲಿಸುವುದಿದ್ದರೆ, ವೀಸಾ ಮುಂದುವರಿಸುವುದಿದ್ದರೆ, ಎಲ್‌ಸಿಎಯನ್ನು ಸೆಪ್ಟೆಂಬರ್ ಮಧ್ಯದೊಳಗೆ ಹಾಕಿಸಲು ಕಂಪನಿಯವರಿಗೆ ಹೇಳಲಿ. ಅವಳಿಗೆ ಮತ ಇಲ್ಲ, ನಿಜ. ಆದರೆ ಅವಳು ವಾಸ ಮಾಡುವ ಕ್ಷೇತ್ರದ ಸಂಸದರ ಕಚೇರಿ ಮತದಾರರಲ್ಲದವರ ಕಡತದ ಬಗ್ಗೆಯೂ ಇಲಾಖೆಯನ್ನು ವಿಚಾರಿಸುತ್ತದೆ. ಇದಕ್ಕೆ ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಜಿಪ್ ಕೋಡ್ ಹಾಕಿದರೆ ಸಂಸದರು ಯಾರು, ಅವರ ಊರಿನ ಕಚೇರಿ ಎಲ್ಲಿ ಎಂದು ಕೆಳಮನೆಯ ವೆಬ್‌ಸೈಟಿನಲ್ಲಿ ಸಿಗುತ್ತದೆ. ವಾಷಿಂಗ್ಟನ್ ನಂಬರಿಗಿಂತ ಊರಿನ ಕಚೇರಿಯ ನಂಬರೇ ವಾಸಿ. ಕಡತ ನೋಡುವವರು ಸಾಮಾನ್ಯವಾಗಿ ಅಲ್ಲೇ ಇರುತ್ತಾರೆ. ಅದನ್ನು ಈಗಲೇ ಬರೆದಿಟ್ಟುಕೊಳ್ಳಲು ಹೇಳಿ.